ಮುಂದಿನ ಚಕ್ರ ಎದ್ದ ಮೇಲೆ ಮಾಡಿದ ಲೆಕ್ಕ

ಕಾಫಿ ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ದಿಮ್ಮಿಗಳನ್ನು ರಸ್ತೆಗೆ ತರಲು ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸುವ ಫೋರ್ಕ್ (ಭಾರ ಎತ್ತುವ ಕಬ್ಬಿಣದ ಕವಲು) ಮಾಡಿಸಿದೆ. ಮೊದಲ ದಿನವೇ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟಿತು. ಸ್ಟೇರಿಂಗ್ ತಿರುಗಿಸಿದರೆ ಗಾಡಿ ಕೇಳಲೇ ಇಲ್ಲ. ಜೀವ ಬಾಯಿಗೆ ಬಂತು.

ಟ್ರ್ಯಾಕ್ಟರ್ 1200 ಕಿಲೋ ಎತ್ತುತ್ತದೆ ಎಂದು ಪುಸ್ತಕದಲ್ಲಿತ್ತು. ದಿಮ್ಮಿ 3 ಮೀಟರ್ ಉದ್ದ, 50 ಸೆಂ.ಮೀ. ದಪ್ಪ. ಹಸಿ ಮರ ಘನ ಮೀಟರಿಗೆ 800 ಕಿಲೋ ಅಂತ ಹಿಡಿದರೆ ಒಂದಕ್ಕೆ ಸುಮಾರು 470 ಕಿಲೋ. ಎರಡು ಹೇರಿದ್ದೆ. ಸರಿಯಾಗೇ ಇದೆ, ಅಲ್ವಾ? ಇಲ್ಲ. ಆ 1200 ಕೆಳಗಿನ ಲಿಂಕ್‌ಗಳ, ಅಂದರೆ ಟ್ರ್ಯಾಕ್ಟರ್ ಹಿಂದೆ ಭಾರ ಎತ್ತುವ ಎರಡು ತೋಳುಗಳ, ತುದಿಯಲ್ಲಿ ಅಳೆದದ್ದು. ನನ್ನ ಭಾರ ಕೂತಿದ್ದು ಅಲ್ಲಿಂದ ಎರಡಡಿ ಹಿಂದೆ. ಭಾರ ಹಿಂದೆ ಸರಿದಷ್ಟೂ ಮುಂಭಾಗ ಹಗುರ. ಮೇಲೆ ಏರು ಬೇರೆ!

ಈಗ ಮುಂದೆ ತೂಕದ ಕಬ್ಬಿಣ ಹಾಕಿಸಿದ್ದೇನೆ. ಒಂದು ಸಲಕ್ಕೆ ಒಂದೇ ದಿಮ್ಮಿ, ಅದೂ ಫೋರ್ಕಿನ ಬೆನ್ನಿಗೆ ಒತ್ತಿಕೊಂಡು ಅಡ್ಡಲಾಗಿ. ಫೋರ್ಕಿನ ಮೇಲ್ಭಾಗವನ್ನು ಟ್ರ್ಯಾಕ್ಟರಿಗೆ ಜೋಡಿಸುವ ಸರಳು, ಅಂದರೆ ಟಾಪ್ ಲಿಂಕ್, ಗಿಡ್ಡ ಮಾಡಿದ್ದರಿಂದ ಫೋರ್ಕಿನ ಮೂತಿ ಸ್ವಲ್ಪ ಮೇಲೆದ್ದಿದೆ, ದಿಮ್ಮಿ ಉರುಳುವುದಿಲ್ಲ. ಆದರೂ ಚೈನ್ ಬಿಗಿಯುತ್ತೇನೆ. ಭಾರ ನೆಲದಿಂದ ಒಂದಡಿಗಿಂತ ಜಾಸ್ತಿ ಎತ್ತುವುದಿಲ್ಲ. ಎಡ, ಬಲ ಚಕ್ರಕ್ಕೆ ಬೇರೆ ಬೇರೆ ಇರುವ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್. ಏರಿನಲ್ಲಿ ರಿವರ್ಸ್‌ನಲ್ಲೇ ಹತ್ತುತ್ತೇನೆ. ಕುತ್ತಿಗೆ ನೋಯುತ್ತದೆ, ಪರವಾಗಿಲ್ಲ.

ಗೊಬ್ಬರದ ಪ್ಯಾಲೆಟ್‌ಗೂ (ಮೂಟೆ ಪೇರಿಸುವ ಹಲಗೆ) ಇದೇ ಲೆಕ್ಕ: 50 ಕಿಲೋದ 10 ಮೂಟೆ, ಅಷ್ಟೇ.