ಗೇರ್‌ಬಾಕ್ಸ್ ಹೋಗೋಕೆ ಮುಂಚೆನೇ ಗೊತ್ತು ಮಾಡ್ಕೊಳ್ಳಿ: ವಿಂಡ್‌ಮಿಲ್ ಸೈಟ್ ಹುಡುಗ್ರಿಗೆ

ಅರಸೀಕೆರೆ ಕಡೆ ಗುಡ್ಡದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿರೋ ಹುಡುಗ್ರಿಗೆ ಅಂತ ಇದನ್ನ ಬರೀತಿದೀನಿ. ನಮ್ಮ ಕಡೆ ಗಾಳಿ ಜೋರಿರೋದು ಜೂನ್‌ನಿಂದ ಸೆಪ್ಟೆಂಬರ್, ವರ್ಷದ ಯೂನಿಟ್ಟಲ್ಲಿ ದೊಡ್ಡ ಪಾಲು ಬರೋದೂ ಆಗ್ಲೇ, ಆ ಟೈಮಲ್ಲಿ ಗೇರ್‌ಬಾಕ್ಸ್ (ರೆಕ್ಕೆಯ ನಿಧಾನ ಸುತ್ತನ್ನ ಜನರೇಟರ್‌ಗೆ ಬೇಕಾದ ಜೋರು ಸುತ್ತಿಗೆ ಏರಿಸೋ ಪೆಟ್ಟಿಗೆ) ಹೋದ್ರೆ ದೊಡ್ಡ ಕ್ರೇನ್ ತರಿಸಿದ್ರೂ ಗಾಳಿ ಇಳಿಯೋವರೆಗೂ ಎತ್ತಕ್ಕಾಗಲ್ಲ, ಬಾಡಿಗೆ ಮಾತ್ರ ಏರ್ತಾ ಇರುತ್ತೆ. ಆದ್ರಿಂದ ಬೇಸಿಗೆ ಮುಗಿಯೋದ್ರೊಳಗೆ ಯಾವ ಮೆಷಿನ್ ಸೊರಗ್ತಿದೆ ಅಂತ ಗೊತ್ತಾಗಿರ್ಬೇಕು.

ಮೊದ್ಲು ಟೆಂಪರೇಚರ್ ನೋಡಿ, ಇದಕ್ಕೆ ಹೊಸ ಖರ್ಚೇನಿಲ್ಲ. ಸ್ಕಾಡಾದಲ್ಲಿ (ಎಲ್ಲಾ ಮೆಷಿನ್ ಅಂಕಿಗಳನ್ನ ತೋರಿಸೋ ಕಂಪ್ಯೂಟರ್ ವ್ಯವಸ್ಥೆ) 10 ನಿಮಿಷದ ಸರಾಸರಿ ಹೇಗೂ ಸಿಗುತ್ತೆ. ಅಲಾರಂ ಬರ್ಲಿ ಅಂತ ಕಾಯ್ಬೇಡಿ, ಅಲಾರಂ ಬರೋಷ್ಟೊತ್ತಿಗೆ ತಡ ಆಗಿರುತ್ತೆ. ಒಂದೇ ಲೋಡಲ್ಲಿ, ಅದೇ ಬಿಸಿಲಲ್ಲಿ ಪಕ್ಕದ ಮೆಷಿನ್ ಬೇರಿಂಗ್ 62 ಡಿಗ್ರಿ ಇದ್ದು ಇದು 70 ತೋರಿಸ್ತಿದ್ರೆ ಹತ್ತಿ ನೋಡಿ. ಎಷ್ಟೋ ಸಲ ಆಯಿಲ್ ಕೂಲರ್‌ಗೆ ಧೂಳು ಕಟ್ಕೊಂಡಿರುತ್ತೆ ಇಲ್ಲಾ ಫಿಲ್ಟರ್ ಚೋಕ್ ಆಗಿರುತ್ತೆ, ಅದನ್ನ ನೋಡ್ದೆ ಬೇರಿಂಗೇ ಹೋಯ್ತು ಅಂತ ರಿಪೋರ್ಟ್ ಬರೀಬೇಡಿ.

ಆಯಿಲ್ ಸ್ಯಾಂಪಲ್ ವಿಷ್ಯದಲ್ಲಿ ನಂಗೆ ತುಂಬಾ ಕಾಳಜಿ, ಯಾಕಂದ್ರೆ ಜಾಸ್ತಿ ಎಡವೋದು ಇಲ್ಲೇ. ಮೆಷಿನ್ ನಿಲ್ಲಿಸಿದ ತಕ್ಷಣ, ಆಯಿಲ್ ಬಿಸಿ ಇರೋವಾಗ್ಲೇ, ಪ್ರತಿ ಸಲ ಅದೇ ಜಾಗದಿಂದ, ಫಿಲ್ಟರ್‌ಗೆ ಮುಂಚೆ ತೆಗೀರಿ. ಮೊದ್ಲು ಬರೋದನ್ನ ಬೇರೆ ಡಬ್ಬಕ್ಕೆ ಬಿಟ್ಟು ಆಮೇಲೆ ಒಣಗಿದ ಶುದ್ಧ ಬಾಟಲಿಗೆ ಹಿಡೀರಿ. ಗೇರು, ಬೇರಿಂಗು ಸವೆದ್ರೆ ಕಬ್ಬಿಣದ ಪುಡಿ ಆಯಿಲ್‌ಗೆ ಸೇರುತ್ತೆ, ಲ್ಯಾಬ್ ರಿಪೋರ್ಟಲ್ಲಿ ಒಂದು ಸಲದ ಕಬ್ಬಿಣದ ಅಂಕಿಗಿಂತ ಅದು ಏರ್ತಿದ್ಯಾ ಅನ್ನೋದು ಮುಖ್ಯ, ಜೊತೆಗೆ ತಾಮ್ರನೂ ಏರ್ತಿದ್ರೆ ಬೇರಿಂಗಿನ ಹಿತ್ತಾಳೆ ಕೇಜ್ (ಒಳಗಿನ ಗುಂಡುಗಳನ್ನ ಜಾಗದಲ್ಲಿ ಹಿಡಿದಿಡೋ ಚೌಕಟ್ಟು) ಸವೀತಿರ್ಬಹುದು. ಆಯಿಲ್ ಚೇಂಜ್ ಮಾಡಿದ ತಾರೀಕು ರಿಜಿಸ್ಟರಲ್ಲಿ ಬರೆದಿಲ್ಲ ಅಂದ್ರೆ, ಕಬ್ಬಿಣ ಇಳೀತು ಮೆಷಿನ್ ಸುಧಾರಿಸ್ತು ಅಂತ ಮೋಸ ಹೋಗ್ತೀರಿ.

ವೈಬ್ರೇಶನ್ ಸೆನ್ಸರ್ ಇದ್ರೆ ಇನ್ನೂ ಒಳ್ಳೇದು. ಜನರೇಟರ್ ಕಡೆ ಸುಮಾರು 1500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಇರೋದ್ರಿಂದ ದೋಷ ಬೇಗ ಕಾಣುತ್ತೆ. ರೆಕ್ಕೆ ಕಡೆ ಮೇನ್ ಬೇರಿಂಗ್ ಹಾಗಲ್ಲ, ನಿಮಿಷಕ್ಕೆ 15 ಸುತ್ತು ಅಂದ್ರೆ ಒಂದು ಸುತ್ತಿಗೇ 4 ಸೆಕೆಂಡ್, 2 ಸೆಕೆಂಡ್ ರೆಕಾರ್ಡಿಂಗಲ್ಲಿ ಏನೂ ಸಿಗಲ್ಲ, ಒಂದು ನಿಮಿಷಕ್ಕಿಂತ ಜಾಸ್ತಿ ತಗೊಳ್ಳಿ. ಹೋಲಿಸೋವಾಗ ಸ್ಪೀಡು, ಲೋಡು ಎರಡೂ ಒಂದೇ ಇರ್ಬೇಕು. ಗೇರ್‌ಬಾಕ್ಸೇ ಇಲ್ದಿರೋ ಮಾಡೆಲ್ಲಾದ್ರೆ ಮೇನ್ ಬೇರಿಂಗ್ ಮೇಲೇ ಕಣ್ಣಿಡಿ.

ರೆಕ್ಕೆಗೆ ಗಾಳಿ ಕಮ್ಮಿ ಇರೋ ದಿನ ಡ್ರೋನ್ ಸಾಕು. ಕೆಳಗೆ ನಿಂತು ಕಿವಿ ಕೊಡಿ, ಮೂರರಲ್ಲಿ ಒಂದು ರೆಕ್ಕೆ ಮಾತ್ರ ಸಿಳ್ಳೆ ಹೊಡೀತಿದ್ರೆ ಅದರ ತುದಿ, ಅಂಚು ಮೊದ್ಲು ನೋಡಿ.

ಇನ್ನು ದುಡ್ಡಿನ ಮಾತು. ಜನರೇಟರ್ ಬೇರಿಂಗನ್ನ ಸಾಮಾನ್ಯವಾಗಿ ಮೇಲೇ ಬದಲಾಯಿಸ್ಬಹುದು, ಗೇರ್‌ಬಾಕ್ಸ್ ಪೂರ್ತಿ ಇಳಿಸ್ಬೇಕಂದ್ರೆ ದೊಡ್ಡ ಕ್ರೇನೇ ಬೇಕು. ಜನವರಿಲೇ ಎರಡು ಮೆಷಿನ್ ಮೇಲೆ ಅನುಮಾನ ಬಂದಿದ್ರೆ ಎರಡಕ್ಕೂ ಸ್ಪೇರ್ ತರಿಸಿಟ್ಟು, ಒಂದೇ ಸಲ ಕ್ರೇನ್ ಕರೆಸಿ, ಮೇ ಒಳಗೆ ಕೆಲಸ ಮುಗಿಸಿ.