ತಲೆ ಮೇಲೆ ಹಾರುವ ವಿಮಾನ ಯಾರದ್ದು? ನಂಬರ್ ನೋಡಿ ತಿಳಿಯುವುದು ಹೀಗೆ

ನಮ್ಮೂರ ಹತ್ತಿರದ ಮೈದಾನಕ್ಕೆ ಒಮ್ಮೆ ಹೆಲಿಕಾಪ್ಟರ್ ಇಳಿಯಿತು. ಧೂಳು ಅಡಗಿದ ಮೇಲೆ ಅಕ್ಕನ ಮಗಳು ಬೇಲಿಗೆ ಮುಖ ಒತ್ತಿಕೊಂಡು ಬಾಲದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ‘ಮಾಮ, ಇದು ಮಿಲಿಟರಿದಾ?’ ಅಂತ ಕೇಳಿದಳು. ತುಮಕೂರಿನ ಮಕ್ಕಳು ಹಾಗೆ ಕೇಳುವುದು ಸಹಜ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ, ಫ್ಯಾನ್ ಸದ್ದು ಕೇಳಿದರೆ ಸಾಕು, ಸೈನ್ಯದ್ದೇ ಇರಬೇಕು ಅಂದುಕೊಳ್ಳುತ್ತೇವೆ. ಆದರೆ ಅವಳು ಓದಿದ ಮೊದಲ ಎರಡು ಅಕ್ಷರ ವಿ ಮತ್ತು ಟಿ. ಅಲ್ಲಿಗೆ ಅದು ಸೈನ್ಯದ್ದಲ್ಲ ಅಂತ ಗೊತ್ತಾಯಿತು.

ಮೊದಲು ಬಣ್ಣದ ವೃತ್ತ ಹುಡುಕಿ

ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ದುಂಡನೆಯ ಗುರುತು ಕಂಡರೆ ಅದು ನಮ್ಮ ಸೇನಾ ವಿಮಾನ. ರಸ್ತೆಯಲ್ಲಿ ಹೋಗುವ ಮಿಲಿಟರಿ ಲಾರಿಗೆ ಕೆಎ 06 ಇರುವುದಿಲ್ಲ, ಮೇಲ್ಮುಖ ಬಾಣದ ಗುರುತು ಇರುತ್ತದೆ ಅಲ್ವಾ? ಇದೂ ಹಾಗೆಯೇ. ನಾಗರಿಕ ವಿಮಾನಗಳ ಲೆಕ್ಕದ ಪುಸ್ತಕ ಬೇರೆ, ಸೇನೆಯದ್ದೇ ಬೇರೆ. 1944ರ ಷಿಕಾಗೊ ಒಪ್ಪಂದವೇ ಈ ಗೆರೆ ಎಳೆದಿದೆ. ಸೇನೆ, ಪೊಲೀಸ್, ಕಸ್ಟಮ್ಸ್ ಕೆಲಸಕ್ಕೆ ಬಳಸುವ ವಿಮಾನಗಳನ್ನು ಅದು ‘ಸರ್ಕಾರಿ ವಿಮಾನ’ ಅಂತ ಕರೆದು ತನ್ನ ನಿಯಮಗಳಿಂದ ಹೊರಗಿಟ್ಟಿದೆ.

ಆಮೇಲೆ ನಂಬರಿನ ಅಡ್ಡಗೆರೆಯ ಎಡಕ್ಕೆ ಏನಿದೆ ನೋಡಿ

ಅದು ದೇಶದ ಗುರುತು. ನಮ್ಮದು ವಿಟಿ. ಪಾಕಿಸ್ತಾನದ್ದು ಎಪಿ, ಶ್ರೀಲಂಕಾದ್ದು 4ಆರ್, ನೇಪಾಳದ್ದು 9ಎನ್, ಯುಎಇಯದ್ದು ಎ6. ಅಮೆರಿಕದ ವಿಮಾನಕ್ಕೆ ಅಡ್ಡಗೆರೆ ಇರುವುದಿಲ್ಲ, ಬರೀ ಎನ್ ಅಂತ ಶುರುವಾಗುತ್ತದೆ. ಕೆಎ 06 ನೋಡಿ ತುಮಕೂರು, 07 ನೋಡಿ ಕೋಲಾರ, 40 ನೋಡಿ ಚಿಕ್ಕಬಳ್ಳಾಪುರ ಅಂತ ಹೇಳುವ ಹಾಗೆ ವಿಮಾನದಲ್ಲಿ ಊರು, ರಾಜ್ಯ ಗೊತ್ತಾಗುವುದಿಲ್ಲ. ಇಡೀ ದೇಶಕ್ಕೆ ಒಂದೇ ಗುರುತು.

ವಿಟಿ ಅಂದರೆ ವೈಸರಾಯ್ ಕಾಲದ ಗುಲಾಮಗಿರಿಯ ಗುರುತು ಅಂತ ಆಗಾಗ ಸುದ್ದಿ ಓಡಾಡುತ್ತದೆ. ನಿಜ ಸಂಗತಿ ಸರಳ. ರೇಡಿಯೊ ಕರೆಗುರುತು ಹಂಚುವಾಗ ವಿ ಅಕ್ಷರದ ದೊಡ್ಡ ಪಾಲು ಬ್ರಿಟಿಷ್ ಸಾಮ್ರಾಜ್ಯಕ್ಕೆ ಹೋಯಿತು. ಅದರಲ್ಲಿ ನಮಗೆ ಸಿಕ್ಕಿದ್ದು ವಿಟಿ, ಆಸ್ಟ್ರೇಲಿಯಾಕ್ಕೆ ವಿಎಚ್. ನನಗಂತೂ ಈ ಎರಡು ಅಕ್ಷರದ ಮೇಲೆ ಪ್ರೀತಿಯಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದ ಪುಟ್ಟ ಪಸ್ ಮಾತ್ ವಿಮಾನದ ನಂಬರ್ ವಿಟಿ-ಎಡಿಎನ್. ಇವತ್ತು ಬೆಂಗಳೂರಿನಲ್ಲಿ ಇಳಿಯುವ ನಮ್ಮ ದೊಡ್ಡ ಜೆಟ್ ಕೂಡ ಅದೇ ಸಾಲಿನದ್ದು.

ಬಲಕ್ಕಿರುವ ಮೂರು ಅಕ್ಷರ

ಇದು ಆ ಒಂದು ವಿಮಾನದ್ದೇ ಗುರುತು. ಮೂರು ಅಕ್ಷರಗಳಲ್ಲಿ 17,576 ಜೋಡಣೆ ಸಾಧ್ಯ. ಅಷ್ಟನ್ನೂ ಬಳಸುವಂತಿಲ್ಲ. ಎಸ್‌ಒಎಸ್, ಪಿಎಎನ್ ಥರದ ಅಪಾಯದ ಕರೆಗಳು, ಕ್ಯೂನಿಂದ ಶುರುವಾಗುವ ರೇಡಿಯೊ ಸಂಕೇತಗಳು ಹೊರಗೆ. ಸುಮ್ನೆ ಯಾರಿಗೋ ಗಾಬರಿ ಆಗಬಾರದಲ್ಲ! ಇಂಡಿಗೊ ವಿಮಾನಗಳಲ್ಲಿ ಜಾಸ್ತಿ ಕಾಣುವುದು ವಿಟಿ-ಐ, ಆಕಾಸ ಏರ್ ಕಂಪನಿಯದ್ದು ವಿಟಿ-ವೈ. ನೋಡ್ತಾ ನೋಡ್ತಾ ಕಣ್ಣಿಗೆ ಅಭ್ಯಾಸ ಆಗುತ್ತದೆ. ಸಾಮಾನ್ಯ ವಿಮಾನದಲ್ಲಿ ರೆಕ್ಕೆಯ ಕೆಳಗಿನ ಅಕ್ಷರ ಕನಿಷ್ಠ 50 ಸೆಂ.ಮೀ., ಮೈ ಮೇಲಿನದು 30 ಸೆಂ.ಮೀ. ಎತ್ತರ ಇರಬೇಕು. ಬಾಗಿಲ ಹತ್ತಿರ ಬೆಂಕಿಗೂ ಕರಗದ ಲೋಹದ ಪುಟ್ಟ ತಗಡಿನಲ್ಲಿ ಇದೇ ಅಕ್ಷರ ಕೊರೆದಿರುತ್ತಾರೆ. ಬಣ್ಣವೆಲ್ಲ ಸುಟ್ಟುಹೋದರೂ ವಿಮಾನ ಯಾವುದು ಅಂತ ಗೊತ್ತಾಗಬೇಕು. ಅದಕ್ಕೇ ಆ ತಗಡು.

ನೋಂದಣಿ ಆಗುವುದು ಹೇಗೆ

ಮಾಲೀಕರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಅರ್ಜಿ ಹಾಕಬೇಕು. ಖರೀದಿ ಅಥವಾ ಗುತ್ತಿಗೆ ಪತ್ರ, ಕಸ್ಟಮ್ಸ್ ಕಾಗದ ಬೇಕು. ವಿಮಾನ ಮೊದಲು ಬೇರೆ ದೇಶದಲ್ಲಿತ್ತೆಂದರೆ, ಅಲ್ಲಿನ ಪುಸ್ತಕದಿಂದ ಹೆಸರು ತೆಗೆದ ದಾಖಲೆಯೂ ಬೇಕು. ಇದು ಮುಖ್ಯ. ಒಂದು ವಿಮಾನ ಒಂದೇ ಕಾಲಕ್ಕೆ ಎರಡು ದೇಶದ ಪುಸ್ತಕದಲ್ಲಿ ಇರುವಂತಿಲ್ಲ. ನೋಂದಣಿ ಪತ್ರ ನಮ್ಮ ಗಾಡಿಯ ಆರ್‌ಸಿ ಇದ್ದ ಹಾಗೆ. ಹಾರಾಟಕ್ಕೆ ಯೋಗ್ಯ ಅನ್ನುವ ಪತ್ರ ಬೇರೆ, ಅದು ಎಫ್‌ಸಿ ಇದ್ದ ಹಾಗೆ. ಎರಡೂ ಪತ್ರ ವಿಮಾನದಲ್ಲೇ ಇರಬೇಕು. 1934ರ ವಿಮಾನ ಕಾಯ್ದೆ ಹೋಗಿ, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ.

ಸೇನೆಯ ನಂಬರ್ ಓದುವಾಗ

ಮಾದರಿಯ ಹೆಸರನ್ನೂ ನಂಬರನ್ನೂ ಕಲಸಿಕೊಳ್ಳಬೇಡಿ. ಸಿ-17 ಅನ್ನುವುದು ಅಮೆರಿಕ ಇಟ್ಟ ಮಾದರಿ ಹೆಸರು, ಸಿ ಅಂದರೆ ಸರಕು ಸಾಗಣೆ. ಸಿಬಿ-8001 ಅನ್ನುವುದು ನಮ್ಮ ವಾಯುಪಡೆಯ ಒಂದು ವಿಮಾನದ ನಂಬರ್. ವಾಯುಪಡೆಯಲ್ಲಿ ಒಂದೆರಡು ಅಕ್ಷರ, ಆಮೇಲೆ ಅಂಕಿ. ಎರಡು ಸೀಟಿನ ರಫೇಲ್‌ಗಳಲ್ಲಿರುವ ಆರ್‌ಬಿ, ವಾಯುಪಡೆ ಮುಖ್ಯಸ್ಥರಾಗಿದ್ದ ಆರ್.ಕೆ.ಎಸ್. ಭದೌರಿಯಾ ಅವರ ಹೆಸರಿನಿಂದ ಬಂದದ್ದು. ಒಂದು ಸೀಟಿನದರ ಬಿಎಸ್, ಅವರಿಗಿಂತ ಮುಂಚೆ ಆ ಹುದ್ದೆಯಲ್ಲಿದ್ದ ಬಿ.ಎಸ್. ಧನೋವಾ ಅವರ ಹೆಸರಿನದು. ನೌಕಾಪಡೆಯದ್ದು ಐಎನ್, ಕರಾವಳಿ ಕಾವಲು ಪಡೆಯದ್ದು ಸಿಜಿ. ಎಚ್‌ಎಎಲ್ ಕಾನ್ಪುರದಲ್ಲಿ ಮಾಡುವ ಡಾರ್ನಿಯರ್ 228 ಒಂದೇ ಮಾದರಿ. ಆದರೂ ಅದು ನೌಕಾಪಡೆಗೆ ಹೋದರೆ ಐಎನ್, ಪ್ರಯಾಣಿಕರನ್ನು ಹೊತ್ತರೆ ವಿಟಿ. ರೂಪ ನೋಡಿ ನಿರ್ಧರಿಸಬೇಡಿ ಅನ್ನುವುದು ಇದಕ್ಕೇ.

ಒಂದೇ ವಿಮಾನ ಆ ಕಡೆಯಿಂದ ಈ ಕಡೆಗೆ ದಾಟಿದ್ದೂ ಇದೆ. ರಾಷ್ಟ್ರಪತಿ, ಪ್ರಧಾನಿ ಓಡಾಡುವ ಎರಡು ಬೋಯಿಂಗ್ 777 ವಿಮಾನಗಳು ಏರ್ ಇಂಡಿಯಾ ಹೆಸರಲ್ಲಿದ್ದಾಗ ವಿಟಿ-ಎಎಲ್‌ವಿ, ವಿಟಿ-ಎಎಲ್‌ಡಬ್ಲ್ಯು ಆಗಿದ್ದವು. ವಾಯುಪಡೆಯ ಲೆಕ್ಕಕ್ಕೆ ಸೇರಿದ ಮೇಲೆ ಕೆ7066, ಕೆ7067 ಆದವು.

ತೋಟದ ಡ್ರೋನ್‌ಗೂ ನಂಬರ್ ಉಂಟು

ಔಷಧಿ ಹೊಡೆಯಲು ಡ್ರೋನ್ ಕರೆಸುವವರು ಈಗ ನಮ್ಮ ಕಡೆಯೂ ಇದ್ದಾರೆ. 2021ರ ಡ್ರೋನ್ ನಿಯಮಗಳಲ್ಲಿ ತೂಕವೇ ವರ್ಗ. 250 ಗ್ರಾಂವರೆಗೆ ನ್ಯಾನೊ, 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸಣ್ಣದು, 150 ಕೆ.ಜಿ.ವರೆಗೆ ಮಧ್ಯಮ, ಅದಕ್ಕೂ ಮೇಲಿನದು ದೊಡ್ಡದು. ಔಷಧಿ ತುಂಬಿದ ಟ್ಯಾಂಕೂ ಸೇರಿಯೇ ತೂಕದ ಲೆಕ್ಕ. ಇದಕ್ಕೆ ವಿಟಿ ಇಲ್ಲ, ಪ್ರತ್ಯೇಕ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಡ್ರೋನ್‌ನ ಕ್ರಮಸಂಖ್ಯೆಗೆ, ಹಾರಾಟ ನಿಯಂತ್ರಿಸುವ ಒಳಗಿನ ಸಾಧನಕ್ಕೆ ಮತ್ತು ಕೈಯಲ್ಲಿ ಹಿಡಿಯುವ ರಿಮೋಟ್‌ಗೆ, ಮೂರಕ್ಕೂ ಗಂಟು ಹಾಕಿದ್ದು. ಹಳೇ ಡ್ರೋನ್ ಕೊಳ್ಳುವವರು ದುಡ್ಡು ಎಣಿಸುವ ಮೊದಲು ಮೂರರ ಮೇಲಿರುವ ಸಂಖ್ಯೆಯೂ ಕಾಗದದಲ್ಲಿರುವುದೂ ಒಂದೇನಾ ಅಂತ ಹಿಡಿದು ನೋಡಿ. ಹಾಗೇ ನೋಂದಣಿಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ.