ಜನವರಿಯಲ್ಲಿ ಮುಂಗಾರು ಮಳೆ: ಡೇಟಾ ಸರಿಮಾಡಿದ್ದು ಹೀಗೆ

ಆಗುಂಬೆ ಕಡೆಯ ದಿನವಹಿ ಮಳೆ ಲೆಕ್ಕದ ಹಳೇ ಫೈಲೊಂದು ಸಂಶೋಧನೆಗೆಂದು ಕೈಗೆ ಬಂತು. ಗ್ರಾಫ್ ಹಾಕಿದರೆ ಜನವರಿ 7ಕ್ಕೆ ಭರ್ಜರಿ ಮಳೆ! ಎಷ್ಟೇ ಮಲೆನಾಡಾದರೂ ಜನವರಿಯಲ್ಲಿ ಹಾಗೆ ಸುರಿಯಲ್ಲ, ಅಲ್ವಾ?

ತಾರೀಖಿನ ಕಾಲಂ ನೋಡಿದಾಗ ಸುಳಿವು ಸಿಕ್ಕಿತು. ಪ್ರತಿ ತಿಂಗಳ 1ರಿಂದ 12ರವರೆಗಿನವು ಬಲಕ್ಕೆ ಅಂಟಿದ್ದವು, 13ರಿಂದಾಚೆಯವು ಎಡಕ್ಕೆ. ಎಕ್ಸೆಲ್ ತಾನಾಗಿ ಬಲಕ್ಕೆ ಇಟ್ಟರೆ ಅದು ತಾರೀಖು, ಎಡಕ್ಕೆ ಇಟ್ಟರೆ ಬರೀ ಅಕ್ಷರ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿತ್ತು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ 01/07, ಅಂದರೆ ಜುಲೈ 1, ಅದಕ್ಕೆ ಜನವರಿ 7. ಹದಿಮೂರನೇ ತಿಂಗಳು ಇಲ್ಲವಲ್ಲ, ಉಳಿದವನ್ನು ಸುಮ್ನೆ ಬಿಟ್ಟಿತ್ತು.

ಪುಣ್ಯಕ್ಕೆ ಮೂಲ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದ ಬರೀ ಅಕ್ಷರದ ಫೈಲ್) ಹಾಗೇ ಇತ್ತು. ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ತಾರೀಖಿನ ಕಾಲಂಗೆ ‘ಟೆಕ್ಸ್ಟ್’ ಅಂತ ಕೊಟ್ಟೆ. ಆಮೇಲೆ ಎಲ್ಲವನ್ನೂ 2016-07-01 ಮಾದರಿಗೆ ತಂದೆ. ತಾರೀಖು ಬರೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8601ರ ಕ್ರಮವಿದು, ವರ್ಷ ಮೊದಲು.

ಈ ಪಾಡು ನಮಗೊಬ್ಬರಿಗೇ ಅಲ್ಲ. ಜೀನ್ ಹೆಸರುಗಳನ್ನೂ ಎಕ್ಸೆಲ್ ತಾರೀಖು ಮಾಡುತ್ತಿತ್ತು. 2020ರಲ್ಲಿ ಹೆಸರಿಡುವ ಸಮಿತಿಯೇ ಸೋತು ‘ಮಾರ್ಚ್1’ ಅನ್ನೋ ಜೀನ್ ಹೆಸರನ್ನು ‘ಮಾರ್ಚ್‌ಎಫ್1’ ಮಾಡಿತು!

ಈಗ ಮೂಲ ಫೈಲ್ ‘ರೀಡ್ ಓನ್ಲಿ’. ಜೊತೆಗೊಂದು ರೀಡ್‌ಮಿ, ಅಂದರೆ ಡೇಟಾ ಬಗ್ಗೆ ವಿವರಣೆಯ ಚೀಟಿ: ಅಳತೆ ಮಿಲಿಮೀಟರಿನಲ್ಲಿ, ಬೆಳಗ್ಗೆ 8:30ಕ್ಕೆ ಬರೆದುಕೊಂಡದ್ದು, 0 ಇದ್ದರೆ ಮಳೆಯಿಲ್ಲ, ಖಾಲಿಯಿದ್ದರೆ ಅಳೆದೇ ಇಲ್ಲ. ಈ ಕೊನೆಯದನ್ನು ತಿಳಿಯೋಕೆ ಫೈಲ್ ಕೊಟ್ಟವರಿಗೇ ಫೋನ್ ಮಾಡಬೇಕಾಯಿತು.